ಪೂಜೆಗಿಟ್ಟ ಟ್ರಂಕು

ಆದರೆ ಆ ಕುಡಗೋಲಿನ ಮೇಲೆ ವಿಭೂತಿ ಇತ್ತೆ? ಇತ್ತು ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಮೂರು ಬೆರಳಿನ ಪಟ್ಟೆ, ನಡುವೆ ಕುಂಕುಮದ ಬೊಟ್ಟು, ಹಿಡಿಕೆಗೆ ಅಂಟಿಕೊಂಡ ಚಂಡುಹೂವಿನ ಒಂದು ಎಸಳು. ಈಗ ಬರೆಯಲು ಕುಳಿತ ಮೇಲೆ ಆ ಎಸಳಿನ ಬಗ್ಗೆ ಅನುಮಾನ ಬರುತ್ತಿದೆ. ಒಂದು ಹೊರೆ ಹುಲ್ಲು ಕೊಯ್ದ ಕುಡಗೋಲಿನಲ್ಲಿ ಹೂವಿನ ಎಸಳು ಹೇಗೆ ಉಳಿದೀತು? ಎಸಳು ನಾನು ಸೇರಿಸಿದ್ದಾದರೆ ವಿಭೂತಿಯೂ ನಾನೇ ಬಳಿದದ್ದಿರಬಹುದು. ಹಾಗಾದರೆ ಈ ಕತೆಯಲ್ಲಿ ಇನ್ನೂ ಏನೇನು ನನ್ನದು?

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ, ಐದೂ ಇರಬಹುದು, ಮಹಾನವಮಿಯ ದಿನ ಮಧ್ಯಾಹ್ನದ ಮೇಲೆ ನಾನು ಕೊಪ್ಪಳದಿಂದ ತಾವರಗೇರಾದ ನಮ್ಮ ಅಕ್ಕನ ಮನೆಗೆ ಕಾರು ಹೊಡೆದುಕೊಂಡು ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ಕುಳಿತಿದ್ದರು. ಡಿಕ್ಕಿಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ದಾರಿಯಲ್ಲಿ ಏನಾದರೂ ಆದರೆ ಬೇಕಾಗುತ್ತದೆ ಎಂದು ನಾನೇ ಒಂದೊಂದಾಗಿ ಕೂಡಿಸಿ ಸಿದ್ಧ ಮಾಡಿದ ಟ್ರಂಕು. ಕುಷ್ಟಗಿ ದಾಟಿದ ಮೇಲೆ ಒಬ್ಬ ಹೆಣ್ಣುಮಗಳು ಬೈಕಿನಿಂದ ಬಿದ್ದಿದ್ದಳು. ಕಾಲು ಗಾಲಿಯಲ್ಲಿ ಸಿಕ್ಕಿತ್ತು. ಅವಳ ಗಂಡ ನನ್ನ ಹತ್ತಿರ ಕತ್ತರಿ ಕೇಳಿದ. ನಾನು ಇಲ್ಲ ಅಂದೆ. ಟ್ರಂಕಿನಲ್ಲಿ ಕತ್ತರಿ ಇತ್ತು.

ಇಷ್ಟೇ ಆಗಿದ್ದರೆ ಬಹುಶಃ ಬರೆಯುತ್ತಿರಲಿಲ್ಲ, ಮರೆಯುವುದಕ್ಕೆ ನೋಡುತ್ತಿದ್ದೆ. ಆದರೆ ಅದು ಪೂಜೆಗಿಟ್ಟ ಟ್ರಂಕು, ಬಿಚ್ಚಬೇಡ ಎಂದು ನಮ್ಮ ಅತ್ತೆ ತಡೆದರು, ಅದಕ್ಕೇ ತೆಗೆಯಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಅಕ್ಕನಿಗೆ, ಸ್ಟಾಫ್ ರೂಮಿನಲ್ಲಿ, ನೆಂಟರ ಮನೆಗಳಲ್ಲಿ. ಅವರು ಹಾಗೆ ತಡೆದದ್ದು ನಿಜವೋ, ನನ್ನ ತಪ್ಪನ್ನು ಎಪ್ಪತ್ತು ದಾಟಿದ ಹೆಂಗಸಿನ ತಲೆಗೆ ಕಟ್ಟಿದೆನೋ, ಅದನ್ನು ಗೊತ್ತುಮಾಡಿಕೊಳ್ಳುವುದಕ್ಕೆ ಬರೆಯುತ್ತಿದ್ದೇನೆ.

ಟ್ರಂಕು ಹುಟ್ಟಿದ್ದೂ ಒಂದು ನಾಚಿಕೆಯಿಂದಲೇ. ನಾನು ಯಲಬುರ್ಗಾ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಮನೆ ಕೊಪ್ಪಳದಲ್ಲಿ. ಹದಿನೆಂಟು ವರ್ಷ ಬಸ್ಸಿಗೆ ಓಡಾಡಿ, ನಲವತ್ತು ದಾಟಿದ ಮೇಲೆ ಕಾರು ಕಲಿತು, ಯಾರೋ ಓಡಿಸಿ ಬಿಟ್ಟ ಒಂದು ಗಾಡಿ ತೆಗೆದುಕೊಂಡೆ. ಎರಡನೇ ತಿಂಗಳಲ್ಲೇ ಒಂದು ಮಧ್ಯಾಹ್ನ ಕುಕನೂರು ಮುಟ್ಟುವ ಮೊದಲೇ ಅದು ಬಂದ್ ಬಿತ್ತು. ಎರಡೂ ಕಡೆ ಹರಗಿ ಬಿಟ್ಟ ಎರೆಹೊಲ, ಒಂದು ಗಿಡದ ನೆರಳಿಲ್ಲ. ಹಿಂದಿನಿಂದ ಬಂದ ಟ್ರ್ಯಾಕ್ಟರು ನಿಂತಿತು. ಟ್ರ್ಯಾಲಿಯಲ್ಲಿ ಕೂಲಿಗೆ ಹೋಗಿ ಬರುತ್ತಿದ್ದ ಹೆಣ್ಣುಮಕ್ಕಳು ತುಂಬಿದ್ದರು.

“ಹಗ್ಗ ಐತೇನ್ರಿ ಅಕ್ಕಾರ? ಜಗ್ಗಿಕೊಂಡು ಹೋಗೋಣಂತ,” ಎಂದು ಟ್ರ್ಯಾಕ್ಟರಿನವನು ಕೇಳಿದ.

“ಇಲ್ರೀ.”

“ಜಾಕು?”

“ಇರಬೇಕ್ರಿ. ಎಲ್ಲೈತೋ ಗೊತ್ತಿಲ್ಲ.”

“ಸ್ಟೆಪ್ನಿ ಅರ ಐತೋ, ಅದೂ ಗೊತ್ತಿಲ್ಲೋ?”

ಟ್ರ್ಯಾಲಿಯಿಂದ ಒಬ್ಬಾಕೆ, “ಬಿಡೋ ತಮ್ಮಾ, ಟೀಚರಿಗೇ ಪರೀಕ್ಷಾ ಮಾಡತಿಯೇನು,” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಅವನು ಟ್ರ್ಯಾಲಿಯೊಳಗಿನ ಹಗ್ಗ ಬಿಚ್ಚಿ ಕಾರಿಗೆ ಕಟ್ಟಿ ಕುಕನೂರಿನ ಗ್ಯಾರೇಜಿನ ತನಕ ಎಳೆದುಕೊಂಡು ಹೋದ. ಸ್ಟೇರಿಂಗು ಹಿಡಿದು ಕುಳಿತ ನನಗೆ ಎದುರಿಗೆ ಅಷ್ಟೂ ದಾರಿ ಆ ಹೆಣ್ಣುಮಕ್ಕಳ ಮುಖಗಳೇ.

ಅವತ್ತು ಮನೆಗೆ ಬಂದವಳೇ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಪಟ್ಟಿ ಬರೆದೆ. ಗಂಗಾವತಿಗೆ ತರಬೇತಿಗೆ ಹೋದಾಗ ಅಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಹಗ್ಗ ತೆಗೆದುಕೊಂಡೆ. ಅಂಗಡಿಯವನು, “ಟ್ರ್ಯಾಕ್ಟರಿಗಾ ಅಮ್ಮಾ, ಲಾರಿಗಾ?” ಅಂದ. ಕಾರಿಗೆ ಅಂದೆ. ಅವನು ಒಂದು ಸಲ ನನ್ನನ್ನು, ಒಂದು ಸಲ ಹಗ್ಗದ ಸುರುಳಿಯನ್ನು ನೋಡಿ ಅಳೆದುಕೊಟ್ಟ. ಬ್ಯಾಟರಿಗೆ ಬ್ಯಾಟರಿ ಜೋಡಿಸುವ ವೈರು, ಕತ್ತಲಲ್ಲಿ ಹೊಳೆಯುವ ಕೆಂಪು ತ್ರಿಕೋನ, ಟಾರ್ಚು, ಬೇರೆ ಎರಡು ಸೆಲ್ಲು, ಕೈಗವಸು. ಇವು ಗಾಡಿಯ ಪಾಲಿನವು. ಮನುಷ್ಯರ ಪಾಲಿಗೆ ಹತ್ತಿ, ಜಾಳಿಗೆ ಬಟ್ಟೆಯ ಸುರುಳಿ, ಅಗಲ ಪಟ್ಟಿ, ಗಾಯಕ್ಕೆ ಹಚ್ಚುವ ಔಷಧ, ನೋವಿನ ಗುಳಿಗೆ, ಉಪ್ಪು ಸಕ್ಕರೆಯ ಪುಡಿ, ಒಂದು ಸೀಟಿ, ಒಂದು ಕತ್ತರಿ. ಹಾಸ್ಟೆಲಿನಲ್ಲಿದ್ದಾಗಿನ ನನ್ನ ಟ್ರಂಕನ್ನು ಅಟ್ಟದಿಂದ ಇಳಿಸಿದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ ತವರಿನ ಅಡ್ಡಹೆಸರು ಅರ್ಧ ಅಳಿಸಿತ್ತು. ಒಳಗೆ ರಟ್ಟು ಕತ್ತರಿಸಿ ಖಾನೆ ಮಾಡಿದೆ. ಒಂದೊಂದು ಖಾನೆಗೂ ಚೀಟಿ ಅಂಟಿಸಿದೆ. ಮುಚ್ಚಳದ ಒಳಮೈಗೆ ಫೋನ್ ನಂಬರುಗಳು, ಮನೆಯವರೆಲ್ಲರ ರಕ್ತದ ಗುಂಪು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿ, “ಗಾಡಿಗೇನು ಬಾಣಂತನ ಮಾಡಾಕತ್ತೀಯೇನು?” ಅಂದರು.

ಅತ್ತೆ ನಗಲಿಲ್ಲ. ಒಳಗೆ ಹೋಗಿ ತಮ್ಮದೊಂದು ಹಳೆಯ ಇಳಕಲ್ಲ ಸೀರೆಯ ತುಂಡನ್ನು ತಂದರು. ಒಗೆದೂ ಒಗೆದೂ ಎಲೆಯಂತೆ ಮೆತ್ತಗಾಗಿತ್ತು. “ಇದನ್ನೂ ಇಡವಾ. ರಕ್ತ ಹೀರಾಕ ಹಳೀ ಸೀರಿಯಷ್ಟು ಛಲೋ ಅರಿವಿ ಮತ್ತೊಂದಿಲ್ಲ. ನಿನ್ನ ಆ ಜಾಳಿಗಿ ಏನು ಹೀರತೈತಿ?”

ಇಟ್ಟೆ. ಮರುದಿನ ತೆಗೆದೆ. ಅದಕ್ಕೆ ಖಾನೆ ಇರಲಿಲ್ಲ, ಇಟ್ಟರೆ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ತುಂಡು ಅಡುಗೆಮನೆಗೆ ಹೋಯಿತು, ಒಲೆಕಟ್ಟೆ ಒರೆಸುವುದಕ್ಕೆ. ಅತ್ತೆ ದಿನವೂ ಅದೇ ಅಡುಗೆಮನೆಯಲ್ಲಿ ಇರುತ್ತಿದ್ದರು. ನೋಡಿರಲೇಬೇಕು.

ಇಲ್ಲಿ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಶಾಲೆಯಿಂದ ಬಂದು ಕಾರು ನಿಲ್ಲಿಸಿದ ಮೇಲೆ ಕೆಲವು ಸಲ ಸುಮ್ಮನೆ ಡಿಕ್ಕಿ ತೆಗೆದು, ಟ್ರಂಕು ತೆರೆದು ನೋಡುತ್ತಿದ್ದೆ. ಅದನ್ನು ನೋಡಿದರೆ ಸಮಾಧಾನವಾಗುತ್ತಿತ್ತು. ತರಗತಿಯ ಗೋಡೆಗೆ ನೀಟಾಗಿ ಹಚ್ಚಿದ ಚಾರ್ಟಿನ ಹಾಗೆ. ಸಹೋದ್ಯೋಗಿಗಳಿಗೂ ತೋರಿಸಿ, ನೀವೂ ಮಾಡಿರಿ ಎಂದು ಹೇಳಿದ್ದೆ. ಆದರೆ ಆ ಅಗಲ ಪಟ್ಟಿಯನ್ನು ಒಂದು ಸಲವೂ ಬಿಚ್ಚಿ ನನ್ನ ಕೈಗೋ ಮಗಳ ಕಾಲಿಗೋ ಕಟ್ಟಿ ನೋಡಿರಲಿಲ್ಲ. ಕಟ್ಟಲು ನನಗೆ ಬರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮಹಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತೆಂದರೆ ಕಬ್ಬಿಣ ಅನ್ನುವುದೆಲ್ಲ ಪಡಸಾಲೆಗೆ ಬರಬೇಕು. ಈಳಿಗೆ, ಕೊಡಲಿ, ಕುಡಗೋಲು, ಹೊಲಿಗೆ ಮಷೀನು, ಕರೆಂಟಿನ ಕೆಲಸದ ನಮ್ಮ ಮನೆಯವರ ಇಕ್ಕಳ, ನನ್ನ ಕೈವಾರ. ಗೋಡೆಗುಂಟ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಚಂಡುಹೂ ಏರಿಸುತ್ತಾರೆ. ಮರುದಿನ ದಸರೆಗೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುವ ತನಕ ಯಾವುದನ್ನೂ ಮುಟ್ಟುವ ಹಾಗಿಲ್ಲ. ಕಾಯಿಪಲ್ಲೆಯನ್ನು ಹಿಂದಿನ ದಿನವೇ ಹೆಚ್ಚಿಡಬೇಕು. ಗಾಡಿಗೆ ಮಾತ್ರ ಬಿಡುವು ಉಂಟು, ಪೂಜೆಯಾಗಿ ನಿಂಬೆಹಣ್ಣಿನ ಮೇಲೆ ಹಾಯಿಸಿದರೆ ಆಯಿತು, ಓಡಿಸಬಹುದು.

ಆ ವರ್ಷ ಅತ್ತೆ ಟ್ರಂಕನ್ನೂ ಇಳಿಸಲು ಹೇಳಿದರು. “ಅದರಾಗೂ ಕಬ್ಬಿಣ ಐತೆಲ್ಲ.” ಅರಿಷಿಣ ಹಚ್ಚಿದ ದಾರವನ್ನು ಅದರ ಸುತ್ತ ಐದು ಸುತ್ತು ಸುತ್ತಿ ಗಂಟು ಹಾಕಿದರು. ನಾವು ಮಧ್ಯಾಹ್ನ ತಾವರಗೇರಾಕ್ಕೆ ಹೊರಡಬೇಕಿತ್ತು. ಟ್ರಂಕು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಕೇಳಿದೆ.

“ಗಾಡೀದು ಗಾಡ್ಯಾಗ ಇರಲಿ,” ಅಂದರು ಅತ್ತೆ. “ನಾಳಿ ಬನ್ನಿ ಕೊಡೂತನಕ ಬಿಚ್ಚಬ್ಯಾಡವಾ, ಅಷ್ಟ.”

“ಹೂಂ ರೀ.”

ಈ ಮಾತು ಪಡಸಾಲೆಯಲ್ಲಿ ಆದದ್ದು ಖಂಡಿತ. ಅವರ ಬೆರಳಿಗೆ ಅರಿಷಿಣ ಹತ್ತಿತ್ತು, ದಾರದ ತುದಿಯನ್ನು ಹಲ್ಲಿನಿಂದ ಕಡಿದು ಹರಿದರು, ಯಾಕೆಂದರೆ ಮನೆಯ ಕತ್ತರಿ ಪೂಜೆಯಲ್ಲಿತ್ತು. ಇಷ್ಟನ್ನು ಯಾರು ಬಂದು ಅಲ್ಲಗಳೆದರೂ ನಾನು ಬಿಡುವುದಿಲ್ಲ. ಇದರ ಮುಂದಿನದಕ್ಕೆ ನನಗೆ ಈ ಧೈರ್ಯವಿಲ್ಲ.

ನಮ್ಮ ಮನೆಯವರಿಗೆ ಡ್ಯೂಟಿ ಇತ್ತು, ಮಗಳು ಅವರ ಜೊತೆ ಉಳಿದಳು. ನಾನು, ಅತ್ತೆ ಇಬ್ಬರೇ. ಕುಷ್ಟಗಿಯಲ್ಲಿ ಚಹಾ ಕುಡಿದು ಮತ್ತೆ ಹೊರಟಾಗ ಬಿಸಿಲು ಇನ್ನೂ ಇತ್ತು. ತೊಗರಿ ಹೂಬಿಟ್ಟಿತ್ತು. ಊರೊಂದನ್ನು ದಾಟಿ ಸ್ವಲ್ಪ ದೂರ ಹೋಗಿದ್ದೆವು. ರಸ್ತೆಗೆ ಅಡ್ಡವಾಗಿ ಬೈಕು ಬಿದ್ದಿತ್ತು. ನಾನು ನಿಲ್ಲಿಸಿದೆ. ನಿಲ್ಲಿಸಿದೆ ಎನ್ನುವುದನ್ನು ನನ್ನ ಪರವಾಗಿ ಹೇಳಿಕೊಳ್ಳಬೇಕೆಂದಿದ್ದೆ, ಆದರೆ ಪಕ್ಕಕ್ಕೆ ಸರಿದು ಹೋಗಲು ಅಲ್ಲಿ ಜಾಗವಿರಲಿಲ್ಲ.

ಹೆಣ್ಣುಮಗಳು ನೆಲದ ಮೇಲೆ ಕುಳಿತಿದ್ದಳು. ಇಪ್ಪತ್ತೈದಿರಬಹುದು. ಹಬ್ಬಕ್ಕೆ ಉಟ್ಟ ಹಸಿರು ಸೀರೆ. ಸೆರಗು ಚೈನಿಗೂ ಗಾಲಿಗೂ ಸುತ್ತಿಕೊಂಡು ಬಿಗಿದು ಹಗ್ಗವಾಗಿತ್ತು. ಅದು ಎಳೆದ ರಭಸಕ್ಕೆ ಬಲಗಾಲು ಕಡ್ಡಿಗಳ ನಡುವೆ ಹೊಕ್ಕಿತ್ತು. ಹಿಮ್ಮಡಿಯ ಹತ್ತಿರ ರಕ್ತ. ಅವಳು ಅಳುತ್ತಿರಲಿಲ್ಲ. “ಸೀರಿ ಹರೀಬ್ಯಾಡ್ರಿ, ಅವ್ವ ಉಡಸ್ಯಾಳ,” ಅನ್ನುತ್ತಿದ್ದಳು, ಒಂದೇ ಸಮನೆ, ಅದೊಂದೇ ಮಾತು.

“ಸೀರಿ ಸುಡಲಿ, ಕಾಲು ನೋಡಲೇ ನಿಂದು,” ಎಂದು ಗಂಡ ಸೆರಗನ್ನು ಜಗ್ಗುತ್ತಿದ್ದ. ಜಗ್ಗಿದಷ್ಟೂ ಬಿಗಿಯಾಗುತ್ತಿತ್ತು. ನಾನು ಇಳಿದದ್ದನ್ನು ನೋಡಿ ತಿರುಗಿದ. “ಅಕ್ಕಾರ, ಕತ್ತರಿ ಗಿತ್ತರಿ ಏನರ ಐತೇನ್ರಿ ಗಾಡ್ಯಾಗ? ಬ್ಲೇಡರ?”

“ಇಲ್ರೀ.”

ನನ್ನ ದನಿ ನನಗೆ ನೆನಪಿದೆ. ಗಾಬರಿಯ ದನಿಯಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದೆಯೇ ಎಂದು ಕೇಳಿದವರಿಗೆ ಹೇಳುವ ದನಿ.

ಎಲ್ಲರಿಗೂ ಹೇಳಿದ ಕತೆಯಲ್ಲಿ ಅವನ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಅತ್ತೆ ಬರುತ್ತಾರೆ. ಕಾರಿನ ಕಿಟಕಿಯಿಂದ ಮುಖ ಹೊರಗೆ ಹಾಕಿ, “ಪೂಜಿಗಿಟ್ಟದ್ದವಾ, ಬಿಚ್ಚಬ್ಯಾಡ,” ಅನ್ನುತ್ತಾರೆ. ನಾನು ಹಿಂದೆ ತಿರುಗಿ ಅವರನ್ನು ನೋಡುತ್ತೇನೆ, ಮತ್ತೆ ಅವನ ಕಡೆ ತಿರುಗಿ ಇಲ್ಲ ಅನ್ನುತ್ತೇನೆ. ಈ ದೃಶ್ಯ ನನಗೆ ಕಾಣುತ್ತದೆ, ಅವರ ಮೂಗಿನ ನತ್ತು ಬಿಸಿಲಿಗೆ ಹೊಳೆದದ್ದೂ ಕಾಣುತ್ತದೆ. ಆದರೆ ಕಾರು ನಿಲ್ಲಿಸಿದ್ದು ಬೈಕಿಗಿಂತ ಹತ್ತು ಮಾರು ಹಿಂದೆ. ಅಷ್ಟು ದೂರದಿಂದ ಅವನು ಕೇಳಿದ್ದು ಅವರಿಗೆ ಕೇಳಿಸಿತೆ? ಆಗಲೇ ಅವರಿಗೆ ಒಂದು ಕಿವಿ ಮಂದವಾಗಿತ್ತು. ಕಿಟಕಿಯ ಗಾಜು ಇಳಿಸಿತ್ತೋ ಏರಿಸಿತ್ತೋ? ಆ ವರ್ಷ ಏಸಿ ಕೆಟ್ಟಿತ್ತು, ಆದ್ದರಿಂದ ಇಳಿಸಿರಬೇಕು ಎಂದುಕೊಳ್ಳುತ್ತೇನೆ. ಧೂಳಿನ ರಸ್ತೆ, ಅತ್ತೆಗೆ ಕೆಮ್ಮು, ಆದ್ದರಿಂದ ಏರಿಸಿರಬೇಕು ಎಂದೂ ಅನಿಸುತ್ತದೆ. ಬೆಳಿಗ್ಗೆ ಪಡಸಾಲೆಯಲ್ಲಿ ಅಂದ ಮಾತನ್ನು ನಾನೇ ಎತ್ತಿಕೊಂಡು ಬಂದು ಕುಷ್ಟಗಿಯ ಆಚೆ ರಸ್ತೆಯ ಮೇಲೆ ಇಟ್ಟಿರಬಹುದು. ಮಾತೂ ಅದೇ, ದನಿಯೂ ಅದೇ. ಜಾಗ ಮಾತ್ರ ಬೇರೆ.

ಹುಲ್ಲಿನ ಹೊರೆ ಹೊತ್ತ ಹೆಂಗಸು ಹೊಲದ ಬದುವಿನಿಂದ ಹತ್ತಿ ಬಂದದ್ದು ಆಗ. ನನ್ನ ವಯಸ್ಸಿನವಳೇ. ಹೊರೆಯನ್ನು ರಸ್ತೆಯ ಬದಿಗೆ ಒಗೆದು, ಯಾರನ್ನೂ ಏನೂ ಕೇಳದೆ ಬಂದು ಮಂಡಿಯೂರಿ ಕುಳಿತಳು. “ತಡಿ ತಂಗಿ, ಅಲುಗಾಡಬ್ಯಾಡ. ಸೀರಿ ಮತ್ತ ಬರತೈತಿ,” ಎಂದು ಕುಡಗೋಲಿನ ತುದಿಯನ್ನು ಸೆರಗಿನ ಒಳಕ್ಕೆ ತೂರಿಸಿ ತನ್ನ ಕಡೆಗೆ ಎಳೆದಳು. ಮೂರು ಸಲ. ಗಂಡ ಗಾಲಿಯನ್ನು ಹಿಂದಕ್ಕೆ ತಿರುಗಿಸಿದ. ಕಾಲು ಹೊರಬಂತು.

ನಾನು ಮುಂದಿನ ಸೀಟಿನಿಂದ ನೀರಿನ ಬಾಟಲಿ ತಂದುಕೊಟ್ಟೆ. ಆ ಹೆಂಗಸು ಗಾಯಕ್ಕೆ ನೀರು ಹಾಕಿ, ತಲೆಯ ಮೇಲೆ ಹೊರೆಯ ಕೆಳಗೆ ಇಟ್ಟುಕೊಂಡಿದ್ದ ಸಿಂಬೆಯನ್ನು ಬಿಚ್ಚಿದಳು. ಅದು ಹಳೆಯ ಸೀರೆಯ ತುಂಡು. ಅದನ್ನು ಹಿಮ್ಮಡಿಗೆ ಸುತ್ತಿ, ಪಾದದ ಕೆಳಗೆ ಹಾಯಿಸಿ, ಮೇಲೆ ತಂದು ಗಂಟು ಹಾಕಿದಳು. ಅವಳ ಕೈ ಎಲ್ಲಿಯೂ ತಡವರಿಸಲಿಲ್ಲ. ನಾನು ಖಾಲಿ ಬಾಟಲಿ ಹಿಡಿದು ನೋಡುತ್ತ ನಿಂತಿದ್ದೆ. ನಿಂತವಳು ಸುಮ್ಮನೆ ಇರಬಾರದೆ? ಕೇಳಿದೆ:

“ಇವತ್ತ ಖಂಡೇಪೂಜಿ ಅಲ್ಲೇನ್ರಿ? ಕುಡಗೋಲು ಮುಟ್ಟತಾರೇನು?”

ಅವಳು ತಲೆ ಎತ್ತದೆ, “ಎಮ್ಮಿಗೇನು ಹಬ್ಬ ಗೊತ್ತೈತೇನ್ರಿ ಅಕ್ಕಾರ? ಮುಂಜಾನಿ ಪೂಜಿ ಮಾಡೀನಿ, ಸಂಜಿಮುಂದ ತೊಳದು ಮತ್ತ ಇಡ್ತೀನಿ,” ಅಂದಳು.

ಈ ಮಾತು ನಡೆದದ್ದಾದರೆ ಕುಡಗೋಲಿನ ಮೇಲೆ ವಿಭೂತಿ ಇರುವುದು ಸಹಜ. ಆದರೆ ಈ ಮಾತೂ ನನ್ನನ್ನು ಕುಟುಕುವುದಕ್ಕೆಂದೇ ಹೇಳಿಸಿದ ಹಾಗಿದೆ. ನನ್ನನ್ನು ನಾನು ಬೈದುಕೊಳ್ಳುವಾಗಲೂ ನನಗೆ ನೀಟಾಗಿ ಬೈದುಕೊಳ್ಳುವ ಚಟ. ಆದ್ದರಿಂದ ಇದನ್ನು ಅರ್ಧ ನಂಬಿರಿ ಎಂದಷ್ಟೇ ಹೇಳಬಲ್ಲೆ.

ಆಂಬುಲೆನ್ಸಿಗೆ ಫೋನು ಮಾಡಿದ್ದು ನಾನು. ಯಾವ ಊರಿನ ಹತ್ತಿರ ಎಂದು ಕೇಳಿದರು, ನನಗೆ ಗೊತ್ತಿರಲಿಲ್ಲ. ಗಂಡ ನನ್ನ ಕೈಯಿಂದ ಫೋನು ತೆಗೆದುಕೊಂಡು ಹೇಳಿದ. ಅಷ್ಟರಲ್ಲಿ ಕುಷ್ಟಗಿ ಕಡೆಗೆ ಹೊರಟ ಗೂಡ್ಸ್ ಟೆಂಪೊ ಒಂದು ಬಂತು, ಅದರಲ್ಲೇ ಹೋಗುತ್ತೇವೆ ಅಂದರು. ನನ್ನ ಕಾರು ಅಲ್ಲೇ ಇತ್ತು. ಅವನು ನನ್ನನ್ನು ಕೇಳಿದನೆ? ಕೇಳಿದ ನೆನಪಿಲ್ಲ. ಬರ್ರಿ ಬಿಡ್ತೀನಿ ಎಂದು ನಾನು ಅಂದ ನೆನಪಂತೂ ಇಲ್ಲ. ಹುಲ್ಲಿನ ಹೆಂಗಸು ತನ್ನ ಹೊರೆಯನ್ನೇ ಎತ್ತಿ ಟೆಂಪೊದೊಳಗೆ ಹಾಕಿ, “ಇದರ ಮ್ಯಾಲ ಕಾಲಿಡು, ಮೆತ್ತಗಿರತೈತಿ,” ಅಂದಳು. ಟೆಂಪೊ ಹೋಯಿತು. ಅವಳ ಹತ್ತಿರ ಹುಲ್ಲೂ ಇಲ್ಲ, ಸಿಂಬೆಯೂ ಇಲ್ಲ.

“ಎಮ್ಮಿಗೆ?” ಅಂದೆ.

“ಇನ್ನೊಂದು ಹೊರಿ ಕೊಯ್ಯೋದು. ನೀವು ನಡೀರಿ, ಹೊತ್ತಾಗತೈತಿ ನಿಮಗ,” ಎಂದು ಬದುವಿನ ಕಡೆ ಇಳಿದಳು.

ಕಾರಿನಲ್ಲಿ ಅತ್ತೆ, “ಏನಾತವಾ?” ಅಂದರು. “ಕಾಲು ಸಿಕ್ಕಿತ್ತರಿ. ಬಿಡಿಸಿದ್ರು,” ಅಂದೆ. ಏನಾಯಿತು ಎಂದು ಅವರು ಕೇಳಿದ್ದು ನಿಜವಾದರೆ, ಅವರಿಗೆ ಏನೂ ಕೇಳಿಸಿರಲಿಲ್ಲ ಎಂದೇ ಅರ್ಥ. ಕೇಳಿಸದವರು ಬಿಚ್ಚಬೇಡ ಎಂದು ಹೇಗೆ ಅಂದಾರು? ಆದರೆ ಎಲ್ಲ ಕೇಳಿಸಿಕೊಂಡವರೂ, ಎಲ್ಲ ಮುಗಿದು ಕಾರು ಹತ್ತಿದವಳನ್ನು ಹೀಗೇ ಕೇಳುತ್ತಾರೆ. ಇದರಿಂದ ಏನೂ ಸಾಬೀತಾಗುವುದಿಲ್ಲ.

ತಾವರಗೇರಾ ಮುಟ್ಟಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. “ಯಾಕ ಇಷ್ಟೊತ್ತು? ಹೋಳಿಗಿ ಆರಿ ರೊಟ್ಟಿ ಆದವು.” ದಾರಿಯಲ್ಲಿ ನಡೆದದ್ದನ್ನು ಹೇಳಿದೆ. ಅಕ್ಕನಿಗೆ ನನ್ನ ಟ್ರಂಕಿನ ವಿಷಯ ಗೊತ್ತಿತ್ತು, ಫೋಟೊ ಕಳಿಸಿದ್ದೆ. “ಮತ್ತ ನಿನ್ನ ಟ್ರಂಕ ಇತ್ತಲ್ಲ?” ಅಂದಳು. ಆ ಪ್ರಶ್ನೆ ಬರುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

“ತಗಿಯೋಣಂತಿದ್ದೆ. ಪೂಜಿಗಿಟ್ಟದ್ದು ಬಿಚ್ಚಬ್ಯಾಡ ಅಂದ್ರು ಇವ್ರು.”

‘ಇವ್ರು’ ಪಕ್ಕದ ಕುರ್ಚಿಯಲ್ಲಿ ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. ಅಥವಾ ಚಹಾದ ಬಿಸಿಗೆ ತಲೆ ಎತ್ತಿದರು. ಅಲ್ಲ ಎಂದು ಅವರು ಅನ್ನಲಿಲ್ಲ. ಅನ್ನಲಿಲ್ಲವಲ್ಲ, ಹಾಗಾದರೆ ನಿಜವಿರಬೇಕು ಎಂದು ನಾನು ನಂಬಲು ಶುರು ಮಾಡಿದ್ದು ಆ ಹೊತ್ತಿಗೆ.

ಆಮೇಲೆ ಹೇಳುವುದು ಸುಲಭವಾಯಿತು. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರೂ ಲೊಚಗುಟ್ಟಿದರು. “ಹಿರೇರಿಗೆ ಏನು ಹೇಳೋದು ಟೀಚರ್, ನಮ್ಮನ್ಯಾಗೂ ಹಿಂಗಽ.” ಅವರ ದೃಷ್ಟಿಯಲ್ಲಿ ನಾನು ತಿಳಿವಳಿಕೆ ಇದ್ದೂ ಮನೆಯ ಪದ್ಧತಿಗೆ ಕಟ್ಟುಬಿದ್ದವಳಾದೆ. ಅದು ನನಗೆ ಹಿತವಾಗಿತ್ತು. ಹುಲ್ಲಿನ ಹೆಂಗಸಿನ ಕುಡಗೋಲಿಗೆ ಹೂವಿನ ಎಸಳು ಬಂದದ್ದು ಬಹುಶಃ ಅಲ್ಲೇ, ಎರಡನೇ ಸಲವೋ ಮೂರನೇ ಸಲವೋ ಹೇಳುವಾಗ.

ಮರುವರ್ಷ ಅಳವಂಡಿಯಲ್ಲಿ ನೆಂಟರ ಮಗುವಿಗೆ ಹೆಸರಿಡುವ ದಿನ, ಊಟದ ಪಂಕ್ತಿಯಲ್ಲಿ ಕುಳಿತ ಹಿರಿಯ ಹೆಂಗಸೊಬ್ಬಳು ಎಲ್ಲರ ಮುಂದೆ ಅತ್ತೆಯನ್ನು ಹಿಡಿದಳು. “ಏನ ಯವ್ವಾ, ರಕ್ತ ಸುರಿಯಾಕತ್ತಿದ್ರೂ ಸೊಸಿಗೆ ಡಬ್ಬಿ ಬಿಚ್ಚಾಕ ಬಿಡಲಿಲ್ಲಂತ? ದೇವರೇನು ಬ್ಯಾಡಂತಿತ್ತೇನು?”

ಅತ್ತೆ ಸಾರಿನ ಬಕೆಟ್ಟು ಹಿಡಿದಿದ್ದರು. ನಾನು ಅವರ ಹಿಂದೆಯೇ ಅನ್ನದ ಬುಟ್ಟಿ ಹಿಡಿದು ನಿಂತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ. “ಸಾರು ಹಾಕ್ಲೇನು?” ಎಂದು ಆಕೆಯ ಎಲೆಗೆ ಬಡಿಸಿ ಮುಂದೆ ಹೋದರು. ನಾನು ಅನ್ನ ಬಡಿಸಿದೆ. ಅವತ್ತು ಒಂದು ಮಾತು ಆಡಿದ್ದರೆ ಸಾಕಿತ್ತು. ಕೈಯಲ್ಲಿ ಬುಟ್ಟಿ ಇತ್ತು, ಪಂಕ್ತಿ ಕಾಯುತ್ತಿತ್ತು ಎನ್ನುವುದು ನಾನು ನನಗೆ ಕೊಟ್ಟುಕೊಂಡ ಕಾರಣ.

ಯಾಕೆ ಬಿಚ್ಚಲಿಲ್ಲ ಎಂಬುದಕ್ಕೆ ನಾನು ಈಗ ನಂಬುವ ಉತ್ತರ ಒಂದಿದೆ. ಟ್ರಂಕು ತೆರೆದಿದ್ದರೆ ಅವನು “ಕಟ್ರಿ ಅಕ್ಕಾರ” ಅನ್ನುತ್ತಿದ್ದ. ಆಗ ನನಗೆ ಬರುವುದಿಲ್ಲ ಎಂದು ಗೊತ್ತಾಗುತ್ತಿತ್ತು. ಟ್ರ್ಯಾಲಿಯಲ್ಲಿ ನಕ್ಕ ಹೆಣ್ಣುಮಕ್ಕಳು ಮತ್ತೆ ನಗುತ್ತಿದ್ದರು, ಅವರು ಅಲ್ಲಿ ಇಲ್ಲದಿದ್ದರೂ. ಆದರೆ ಕತ್ತರಿ ಕೊಡಲು ಏನು ಬರಬೇಕಿತ್ತು? ಅವನು ಕೇಳಿದ್ದು ಕತ್ತರಿ. ಹಾಗಾಗಿ ಈ ಉತ್ತರವೂ ಪೂರ್ತಿ ನಿಲ್ಲುವುದಿಲ್ಲ.

ಈ ವರ್ಷ ಮಹಾನವಮಿಗೆ ನಾಲ್ಕು ದಿನ ಮುಂಚೆ ಟ್ರಂಕನ್ನು ಪಡಸಾಲೆಯಲ್ಲಿ ಸುರಿದು ಕುಳಿತೆ. ಜಾಳಿಗೆ ಬಟ್ಟೆ ಹಳದಿಯಾಗಿತ್ತು. ಟಾರ್ಚಿನ ಸೆಲ್ಲು ಒಳಗೇ ಒಡೆದು ಬಿಳಿಯ ಬೂಜು ಬಿಟ್ಟಿತ್ತು. ಗುಳಿಗೆಗಳ ಅವಧಿ ಯಾವಾಗಲೋ ಮುಗಿದಿತ್ತು, ಕೈಗವಸು ಒಂದಕ್ಕೊಂದು ಅಂಟಿದ್ದವು. ಇಷ್ಟು ವರ್ಷದಲ್ಲಿ ಅದರಿಂದ ಹೊರಬಂದದ್ದು ಒಮ್ಮೆ ಟಾರ್ಚು, ಒಮ್ಮೆ ಹಗ್ಗ. ಪಕ್ಕದ ಮನೆಯಾಕೆ ಜರಡಿ ಕೇಳಲು ಬಂದವಳು ಹರವಿದ್ದನ್ನು ನೋಡಿ ನಿಂತಳು.

“ಏನ್ರಿ ಇದು, ದವಾಖಾನಿ ತಗದಂಗ ಐತಿ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ಮೊಣಕಾಲು ತಿಕ್ಕಿಕೊಳ್ಳುತ್ತ, ಎಲ್ಲವನ್ನೂ ಹೇಳಿದರು. ಹಸಿರು ಸೀರೆ, ಗಾಲಿ, ಕುಡಗೋಲು. ಕುಡಗೋಲಿನ ಮೇಲಿನ ಹೂವಿನ ಎಸಳನ್ನೂ ಬಿಡಲಿಲ್ಲ. ಅವರು ಕಾರಿನಿಂದ ಇಳಿದೇ ಇರಲಿಲ್ಲ. “ಇಕೀ ಪಾಪ ತಗಿಯಾಕ ಹೊಂಟಿದ್ಲು. ನಾನಽ ಕಿಟಕ್ಯಾಗಿಂದ ಮಾರಿ ಹಾಕಿ ಬ್ಯಾಡ ಅಂದೆ. ನನ್ನ ಬುದ್ಧಿಗೆ ಏನು ಬಡಿದಿತ್ತೋ ಅವತ್ತು.”

ಅದು ನನ್ನ ಕತೆ, ನನ್ನ ಮಾತುಗಳು, ಸ್ಟಾಫ್ ರೂಮಿನಲ್ಲಿ ಹೇಳಿದ ಅದೇ ಕ್ರಮ.

ಪಕ್ಕದ ಮನೆಯಾಕೆ ಹೋದ ಮೇಲೆ ಅವರ ಹತ್ತಿರ ಹೋಗಿ ಕುಳಿತೆ. “ಅತ್ತೀ, ಆವತ್ತ ರಸ್ತ್ಯಾಗ ನೀವು ಹಂಗ ಅಂದಿದ್ದಿಲ್ಲ ಅನಸ್ತೈತಿ ನನಗ. ಮನ್ಯಾಗ ಅಂದಿದ್ರಿ, ಮುಂಜಾನಿ. ಅಲ್ಲಿ ನಾನಽ ಇಲ್ಲ ಅಂದೀನಿ.”

ಅವರು ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಅಂದೀನಿ ಬಿಡವಾ.”

“ಇಲ್ರೀ. ನಿಮಗ ಖರೇನಽ ನೆನಪೈತೇನು?”

“ನನಗೆಲ್ಲಿ ನೆನಪು? ನಿನಗ ಐತೆಲ್ಲ. ನೀ ಎಲ್ಲಾರಿಗೂ ಹೇಳೀದಿ. ಸುಳ್ಳ್ಯಾಕ ಹೇಳ್ತಿ ನೀನು?”

ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ಎಂದು ಮುಖ ನೋಡಿದೆ. ನನಗೆ ತಿಳಿಯಲಿಲ್ಲ. ಆಮೇಲೆ ಅವರೇ ಹೇಳಿದರು, ತಾವರಗೇರಾ ಕಡೆಯ ಒಬ್ಬಾಕೆ ಸಂತೆಗೆ ಕಾಯಿಪಲ್ಲೆ ತರುತ್ತಾಳಂತೆ. ಅವಳು ಸಿಕ್ಕಾಗಲೆಲ್ಲ ಅತ್ತೆ ಕೇಳುತ್ತಾರಂತೆ, ನಿಮ್ಮ ಕಡೆ ಬಲಗಾಲು ಎಳೆದು ನಡೆಯುವ ಹೆಣ್ಣುಮಗಳು ಯಾರಾದರೂ ಇದ್ದಾಳೇನು ಎಂದು. ನಾಲ್ಕು ವರ್ಷದಿಂದ. “ಇಲ್ಲ ಅಂತಾಳ. ಇಲ್ಲಂದ್ರ ಛಲೋ ಆತಲ್ಲ, ಕಾಲು ನೆಟ್ಟಗಾಗೈತಿ ಅಂತ ಆತು. ಆದ್ರೂ ನಾ ಅಂದಿದ್ದು ಹೋಗೂದಿಲ್ಲಲ್ಲ.”

ನಾನು ಮತ್ತೊಮ್ಮೆ, ಜೋರಾಗಿ, ಅವರ ಒಳ್ಳೆಯ ಕಿವಿಯ ಹತ್ತಿರ ಬಾಗಿ ಹೇಳಿದೆ, “ನೀವು ಅಂದಿಲ್ಲರಿ ಅತ್ತೀ.” ಅವರು ನನ್ನ ಕೈ ಮೇಲೆ ಕೈ ಇಟ್ಟು, “ಆತು ಬಿಡು, ನೀ ಯಾಕ ಮನಸ್ಸಿಗೆ ಹಚ್ಚಿಗೊಂತಿ,” ಅಂದರು. ನಾನು ಅವರ ಮೇಲಿನ ಮರುಕಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡರು. ಆ ಕೈಯ ಕೆಳಗೆ ನನ್ನ ಕೈ ಇಟ್ಟುಕೊಳ್ಳಲು ಆಗಲಿಲ್ಲ. ಚೀಟಿ ಅಂಟಿಸಬೇಕು ಎಂದು ಎದ್ದೆ.

ಅಕ್ಕನಿಗೆ ಫೋನು ಮಾಡಿ ಹೇಳಿದೆ. “ಈಗ್ಯಾಕ ಅದನ್ನ ಕೆದರ್ತಿ,” ಅಂದಳು. ಸ್ಟಾಫ್ ರೂಮಿನಲ್ಲಿ ಇನ್ನೂ ಹೇಳಿಲ್ಲ. ಅಳವಂಡಿಯ ಆ ಹಿರಿಯಾಕೆ ಈಗ ಇಲ್ಲ.

ಅತ್ತೆ ಅವತ್ತು ಕಿಟಕಿಯಿಂದ ಏನಾದರೂ ಅಂದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ, ಗೊತ್ತಿದ್ದರೂ ನನ್ನ ಮಾತು ಅದನ್ನು ಅಳಿಸಿಹಾಕಿದೆ. ಅಂದಿದ್ದರೂ, ನಾನು ಅದನ್ನು ಕೇಳಿ ಇಲ್ಲ ಅಂದೆನೋ, ಇಲ್ಲ ಅಂದ ಮೇಲೆ ಕೇಳಿದೆನೋ ಗೊತ್ತಿಲ್ಲ. ಅದು ಯಾವ ಊರಿನ ಹತ್ತಿರ ಎಂದು ಆ ಹೆಣ್ಣುಮಗಳ ಗಂಡ ಫೋನಿನಲ್ಲಿ ಹೇಳಿದ್ದ, ನಾನು ಪಕ್ಕದಲ್ಲೇ ನಿಂತಿದ್ದೆ, ಕೇಳಿಸಿಕೊಳ್ಳಲಿಲ್ಲ. ಅವಳ ಕಾಲು ಏನಾಯಿತೋ ನನಗೆ ಗೊತ್ತಿಲ್ಲ.